ಒಂದೇ ಉಸಿರಿನ ಕೂಗು

ಗೇಟಿಗೆ ಮಾವಿನ ಸೊಪ್ಪಿನ ತೋರಣ ಕಟ್ಟಿದ್ದನ್ನು ನೋಡಿದಾಗಲೂ ಮೋಹನನಿಗೆ ಹೊಳೆಯಲಿಲ್ಲ. ಯಾರದೋ ಮನೆಯ ಮದುವೆಯಲ್ಲಿ ಮಿಕ್ಕಿದ್ದನ್ನು ವಾಚ್‌ಮನ್ ತಂದು ಕಟ್ಟಿರಬೇಕು ಅಂದುಕೊಂಡು, ಬಿದಿರುಗಳಕ್ಕೆ ಸಿಕ್ಕಿಸಿದ್ದ ಕೆಂಪು ಬಾವುಟವನ್ನು ಕಲ್ಲುಕ್ವಾರಿಯ ಗೇಟಿನ ಎದುರಿಗಿದ್ದ ಬಂಡೆಸಂದಿಯಲ್ಲಿ ನೆಟ್ಟು, ಅದು ವಾಲದಂತೆ ಬುಡಕ್ಕೆ ಕಲ್ಲು ಒತ್ತರಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಿಂತ. ಒಳಗಿನಿಂದ ಕಂಪ್ರೆಸರಿನ ಸದ್ದಿಲ್ಲ. ದಿನಾ ಈ ಹೊತ್ತಿಗೆ ಬಡವನಹಳ್ಳಿ ರಸ್ತೆಯವರೆಗೂ ಕೇಳುವ ಸದ್ದು ಅದು. ಮಲಗಿದ್ದಾಗಲೂ ಹಲ್ಲಿನ ಬುಡದಲ್ಲಿ ಜುಮುಗುಡುತ್ತಿದ್ದ ಸದ್ದು. ಇವತ್ತು ಗುಡ್ಡ ಬಾಯಿ ಮುಚ್ಚಿಕೊಂಡು ಕೂತಿತ್ತು. ಒಂದು ಕ್ಷಣ ಅವನ ಎದೆ ಉಬ್ಬಿತು. ನಾನು, ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ನಿಲ್ಲಿಸಿದೆ ಇದನ್ನ. ತುಮಕೂರಿನ ಕಾರ್ಮಿಕ ಇಲಾಖೆಯ ಆಫೀಸಿನಲ್ಲಿ ಮುಷ್ಕರದ ನೋಟಿಸು ತಗೊಂಡ ಸಾಹೇಬ ಕನ್ನಡಕದ ಮೇಲಿಂದ ನೋಡಿ, ‘ಎಷ್ಟನೇ ಕ್ಲಾಸಪ್ಪ ನೀನು?’ ಅಂದಿದ್ದ, ಇವನು ಹೇಳಿದಾಗ ಪಕ್ಕದ ಮೇಜಿನ ಹೆಂಗಸು ತುಟಿ ಕಚ್ಚಿ ನಕ್ಕಿದ್ದಳು. ಆ ಹೆಂಗಸನ್ನು ಕರಕೊಂಡು ಬಂದು ಇಲ್ಲಿ ನಿಲ್ಲಿಸಬೇಕು, ಕೇಳಮ್ಮ, ಏನಾದ್ರೂ ಸದ್ದು ಕೇಳುಸ್ತೈತಾ ನಿಂಗೆ, ಅನ್ನಬೇಕು ಅಂತ ಅವನಿಗೆ ಅನ್ನಿಸುತ್ತಿರುವಾಗಲೇ ಬಸವಲಿಂಗಯ್ಯ ಮೊಪೆಡ್ಡಿನ ಮುಂದೆ ದೊಡ್ಡದೊಂದು ಬೂದುಗುಂಬಳಕಾಯಿ ಇಟ್ಟುಕೊಂಡು, ಬಿಳೀ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದ. ಅವನೂ ಇವನಂತೆಯೇ ಕಲ್ಲು ಕೊರೆಯುವ ಜಾಕ್‌ಹ್ಯಾಮರ್ ಹಿಡಿಯುವವನು, ಇವನ ಪಕ್ಕದ ಮೆಷಿನ್ನಿನವನು.

‘ಏನ್ಲಾ ಮೋಹ್ನ, ಇಷ್ಟೊತ್ಗೇ ಬಂದ್ಬುಟ್ಟಿದೀಯ? ಕಾಯಿ ಎಲ್ಲಿ?’

‘ಯಾವ ಕಾಯಿ?’

ಬಸವಲಿಂಗಯ್ಯ ಬಾವುಟ ನೋಡಿದ, ತೋರಣ ನೋಡಿದ, ಆಮೇಲೆ ಇವನ ಮುಖ ನೋಡಿ, ಕುಂಬಳಕಾಯಿ ಬಿದ್ದೀತೆಂದು ಎರಡೂ ಕೈಯಲ್ಲಿ ಅವುಚಿಕೊಂಡು ನಗತೊಡಗಿದ. ‘ಅಯ್ಯೋ ನಿನ್ ಮನೆ ಕಾಯ್ವೋಗ! ಅಮಾಸೆ ಕಣ್ಲಾ ಇವತ್ತು!’

ಅಮಾವಾಸ್ಯೆಯ ದಿನ ಈ ಗುಡ್ಡದಲ್ಲಿ ಯಾರೂ ಕಲ್ಲು ಮುಟ್ಟುವುದಿಲ್ಲ. ಕ್ವಾರಿ ಶುರುವಾದ ದಿನದಿಂದ ಇರುವ ರಜೆ; ಸಾಹುಕಾರನೂ ಅದಕ್ಕೆ ಅಡ್ಡ ಬಂದವನಲ್ಲ. ಇದು ಮೋಹನನಿಗೆ ಗೊತ್ತಿಲ್ಲದ್ದಲ್ಲ, ಹುಟ್ಟಿದಾಗಿನಿಂದ ಗೊತ್ತಿದ್ದದ್ದೇ. ಆದರೆ ಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ಮೊಳೆ ಸಮೇತ ಕಿತ್ತು ಒಲೆಗೆ ಹಾಕಿದವನು ಅವನೇ. ಅವನ ಅಕ್ಕ ಚೈತ್ರಾ, ಅಮಾವಾಸ್ಯೆಗೊಂದು ದೇವರು, ಹುಣ್ಣಿಮೆಗೊಂದು ದೇವರು ಅಂತ ಗುರುತು ಹಾಕಿಕೊಂಡು, ಎದೆ ಹಿಡಿದುಕೊಂಡು ಕೆಮ್ಮುವ ಗಂಡನನ್ನು ಬಸ್ಸಿನಿಂದ ಬಸ್ಸಿಗೆ ಹತ್ತಿಸಿ ಇಳಿಸಿ ಊರೂರು ಸುತ್ತಿಸುತ್ತಿದ್ದಳು. ‘ಅದು ದೇವ್ರ ಕಾಟ ಅಲ್ಲ ಕಣಕ್ಕ, ಧೂಳು. ಕಲ್ಲಿನ ಧೂಳು. ಎದೇಲಿ ಸಿಮೆಂಟ್ ಥರ ಕೂತೈತೆ’ ಅಂತ ಕಿರಿಚಿ, ಕ್ಯಾಲೆಂಡರ್ ಕಿತ್ತಿದ್ದ. ಅವತ್ತಿನಿಂದ ತಿಥಿ ನೋಡಿದವನಲ್ಲ. ಮುಷ್ಕರಕ್ಕೆ ದಿನ ಇಡುವಾಗ ತುಮಕೂರಿನ ಸಾಹೇಬ, ‘ಅವತ್ತು ಏನೂ ವಿಶೇಷ ಇಲ್ಲ ತಾನೆ?’ ಅಂತ ಕೇಳಿದಾಗ, ಇವನು ಮೊಬೈಲು ನೋಡಿ, ‘ಸೋಮವಾರ ಸಾರ್, ಅಷ್ಟೆ’ ಅಂದಿದ್ದ. ಆ ಮಾತನ್ನು ಎಷ್ಟು ಗತ್ತಿನಲ್ಲಿ ಹೇಳಿದ್ದೆ ಅನ್ನುವುದು ಈಗ ನೆನಪಾಗಿ ಕಿವಿ ಬಿಸಿಯಾಯಿತು. ಕೆಲಸವೇ ಇಲ್ಲದ ದಿನ ಕೆಲಸ ನಿಲ್ಲಿಸುತ್ತೇನೆ ಅಂತ ಸರ್ಕಾರಕ್ಕೆ ಬರೆದುಕೊಟ್ಟು ಬಂದಿದ್ದ. ಗೆದ್ದೆ ಅಂದುಕೊಂಡ ಆ ನಿಶ್ಶಬ್ದ ಅವನದಾಗಿರಲಿಲ್ಲ, ಚಂದ್ರನದು.

ಯೂನಿಯನ್ನಿನ ಅಧ್ಯಕ್ಷ ದೊಡ್ಡರಂಗಪ್ಪ ಬಂದದ್ದು ಆಮೇಲೆ. ಹೆಗಲ ಮೇಲೆ ಕೆಂಪು ಟವೆಲು, ಕಂಕುಳಲ್ಲಿ ತೆಂಗಿನಕಾಯಿ. ವಯಸ್ಸಿದ್ದಾಗ ಚಿನ್ನದ ಗಣಿಗೆ ಹೋಗಿ, ಗಣಿ ಮುಚ್ಚಿದ ಮೇಲೆ ಊರಿಗೆ ಬಂದು ಇಲ್ಲಿ ಕಲ್ಲು ಒಡೆಯಲು ಸೇರಿದ ಮುದುಕ. ಯೂನಿಯನ್ ಅಂದರೆ ಏನು ಅಂತ ಈ ಗುಡ್ಡಕ್ಕೆ ಹೇಳಿಕೊಟ್ಟವನೂ ಅವನೇ. ಮೋಹನ ಕಾಯಿಯನ್ನೇ ದಿಟ್ಟಿಸುತ್ತಾ, ‘ನಿಂಗೊತ್ತಿತ್ತಾ ತಾತ?’ ಅಂದ.

‘ಗೊತ್ತಿಲ್ದೆ ಏನ್ಲಾ? ನೀನು ಬೇಕಂತ್ಲೇ ಇಟ್ಟಿದೀಯ ಅನ್ಕಂಡೆ. ಪೂಜೆಗೆ ಎಲ್ಲಾ ಸೇರ್ತರೆ, ಅಲ್ಲೇ ಒಂದು ಭಾಷಣ ಬಿಗೀತಾನೆ ಹುಡುಗ, ಭಾರೀ ತಲೆ ಓಡ್ಸವ್ನೆ ಅಂತ ನಮ್ಮನೆಯೋಳ್ ಹತ್ರಾನೂ ಹೇಳ್ದೆ.’

ಬೈದಿದ್ದರೆ ಚೆನ್ನಾಗಿತ್ತು. ಮುದುಕನ ಮೆಚ್ಚುಗೆ ಉಗುರುಸಂದಿಯ ಚೂರಿನಂತೆ ಚುಚ್ಚಿತು. ಎಷ್ಟು ಸಲ ಕೇಳಿದ್ದ ಈ ಮುದುಕನ ಕತೆಗಳನ್ನು: ಭೂಮಿಯೊಳಗೆ ಒಬ್ಬ ಸತ್ತರೆ ಪಾಳಿಗೆ ಪಾಳಿಯೇ ಮೇಲೆ ಹತ್ತಿ ಬಂದುಬಿಡುತ್ತಿತ್ತಂತೆ, ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲವಂತೆ, ಕತ್ತಲಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟುಕೊಂಡು ನಡೆಯುತ್ತಿದ್ದರಂತೆ. ‘ಅಲ್ಲಿ ಡ್ರಿಲ್ಲಿನ ಬಾಯಿಗೇ ನೀರು ಬರೋದು ಕಣ್ಲಾ. ಧೂಳು ಏಳ್ತಾನೇ ಇರ್ಲಿಲ್ಲ, ಕೆಸರಾಗಿ ಇಳ್ದೋಗದು. ಅದ್ನೂ ಯಾರೂ ಸುಮ್ನೆ ಕೊಡ್ಲಿಲ್ಲ, ನಮ್ ಹಿರೀಕರು ಬಡ್ದಾಡಿ ತಗಂಡ್ರು ಅಂತಿದ್ರು.’ ಆ ಒಂದು ಮಾತು ಮೋಹನನ ತಲೆಯಲ್ಲಿ ಹುಳದಂತೆ ಕೂತಿತ್ತು. ಕೂಲಿ ಹೆಚ್ಚಿಸಿ ಅಂತಲ್ಲ, ರಜೆ ಕೊಡಿ ಅಂತಲ್ಲ, ಡ್ರಿಲ್ಲಿಗೆ ನೀರು ಬಿಡಿ. ಈ ಮುಷ್ಕರದ ಬೇಡಿಕೆ ಅದೊಂದೇ. ಒಣ ಕಲ್ಲು ಕೊರೆದರೆ ಏಳುವ ಬಿಳೀ ಪುಡಿಯಲ್ಲಿ ಮೂಗಿಗೆ ಟವೆಲು ಸುತ್ತಿಕೊಂಡು ನಿಂತು, ಸಂಜೆ ಉಗುಳಿದರೆ ಉಗುಳೂ ಬಿಳಿ. ಭಾವ ಸಣ್ಣರಂಗಯ್ಯ ಅದರಲ್ಲೇ ನಿಂತು ನಿಂತು, ಈಗ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದುಕೊಳ್ಳುತ್ತಾನೆ. ಆಸ್ಪತ್ರೆಯಲ್ಲಿ ಟಿ.ಬಿ. ಅಂದರು, ಟಿ.ಬಿ. ಮಾತ್ರೆ ಕೊಟ್ಟರು, ಮಾತ್ರೆ ಮುಗಿದರೂ ಕೆಮ್ಮು ಮುಗಿಯಲಿಲ್ಲ. ಭಾವನ ಮೆಷಿನ್ನು ಈಗ ಮೋಹನನ ಕೈಯಲ್ಲಿದೆ. ಅದರ ಹಿಡಿಯಲ್ಲಿ ಭಾವನ ಬೆರಳು ಸವೆಸಿದ ಗುಳಿಗಳಿವೆ, ತನ್ನ ಬೆರಳು ಆ ಗುಳಿಗಳಲ್ಲಿ ಸರಿಯಾಗಿ ಕೂರುತ್ತವೆ. ಕೂರಬಾರದಿತ್ತು ಅಂತ ಅವನಿಗೆ ಅನ್ನಿಸುತ್ತದೆ.

ಒಬ್ಬೊಬ್ಬರೇ ಬಂದರು. ಸ್ನಾನ ಮಾಡಿದ ತಲೆಗಳು, ಇಸ್ತ್ರಿ ಅಂಗಿಗಳು, ಕೈಯಲ್ಲಿ ಕಾಯಿ, ಊದುಬತ್ತಿ. ಬಾವುಟದ ಹತ್ತಿರ ನಿಂತು, ಇವನನ್ನು ನೋಡಿ, ಏನೋ ತಪ್ಪು ಮಾಡುತ್ತಿರುವವರಂತೆ ಅರೆ ನಗೆ ನಕ್ಕು, ಗೇಟಿನೊಳಗೆ ಹೋದರು. ‘ಹೋಗ್ಬ್ಯಾಡ್ರೋ, ಇವತ್ತು ಮುಷ್ಕರ’ ಅಂತ ಅವನು ಅಂದರೆ, ‘ಪೂಜೆ ಕಣ್ಲಾ, ಕೆಲ್ಸ ಅಲ್ವಲ್ಲ’ ಅಂದರು. ದೊಡ್ಡರಂಗಪ್ಪನೂ ಸ್ವಲ್ಪ ಹೊತ್ತು ಬಾವುಟದ ಪಕ್ಕ ಕೂತಿದ್ದು, ‘ಕಾಯಿ ಹೊಡ್ದು ಬಂದ್ಬುಡ್ತೀನಿ ತಡಿ’ ಅಂತ ಮಂಡಿ ಹಿಡಿದುಕೊಂಡು ಎದ್ದ. ಅಷ್ಟರಲ್ಲಿ ಟ್ಯಾಂಕರು ರಸ್ತೆಗೆ ನೀರು ಚಿಮುಕಿಸುತ್ತಾ ಬಂತು, ಅದರ ಹಿಂದೆ ಮ್ಯಾನೇಜರ್ ಗೌರೀಶನ ಕಾರು. ಕಾರಿಗೆ ಧೂಳು ಹತ್ತಬಾರದು ಅಂತ ದಿನಾ ಹೀಗೆ ರಸ್ತೆಗೆ ನೀರು. ಡ್ರಿಲ್ಲಿಗೆ ಕೇಳಿದರೆ, ಬೋರುಗಳೆಲ್ಲ ಬತ್ತಿಹೋಗಿರುವ ಸೀಮೆಯಲ್ಲಿ ನೀರೆಲ್ಲಿಂದ ತರೋಣಯ್ಯ ಅನ್ನುತ್ತಾನೆ.

ಗೌರೀಶ ಇಳಿದು, ಬಾವುಟದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ. ಒಳ್ಳೆಯ ಪಂಚೆ, ಒಳ್ಳೆಯ ಶಲ್ಯ. ‘ಏನಯ್ಯ ಲೀಡ್ರು, ರಜಾ ದಿನ ಸ್ಟ್ರೈಕ್ ಮಾಡೋನ್ನ ಇವತ್ತೇ ನೋಡಿದ್ದು ನಾನು. ಭಾನುವಾರ ಉಪವಾಸ ಮಾಡ್ತೀನಿ, ಊಟ ಆದ್ಮೇಲೆ ಅಂದಂಗಾಯ್ತು.’

ಒಳಗಿದ್ದವರು ನಕ್ಕರು. ಬಸವಲಿಂಗಯ್ಯನೂ ನಕ್ಕ.

‘ನಾಳೆಯಿಂದಾನೂ ನಿಲ್ಸ್ತೀವಿ’ ಅಂದ ಮೋಹನ.

‘ನಾಳೆಗೆ ಬೇರೆ ನೋಟಿಸ್ ಕೊಡು. ಇವತ್ತಿಂದು ಮುಗೀತಲ್ಲ. ನೋಡು, ಎಲ್ಲಾ ಗೇಟೊಳಗೇ ಅವ್ರೆ’ ಅನ್ನುತ್ತಾ ಗೌರೀಶ ಫೋನು ಎತ್ತಿ, ಗೇಟಿನೊಳಗೆ ನಿಂತವರನ್ನೆಲ್ಲಾ ಮೆಲ್ಲಗೆ, ಮದುವೆಮನೆಯಲ್ಲಿ ಹಿಡಿಯುವವರಂತೆ, ವಿಡಿಯೋ ಮಾಡಿಕೊಂಡ. ‘ತುಮಕೂರಿಗೆ ಕಳುಸ್ತೀನಿ. ಬಾರಯ್ಯ, ಬಂದು ನಿನ್ ಮೆಷಿನ್ಗೂ ಕಾಯಿ ಹೊಡಿ. ಗುಡ್ಡದಮ್ಮನ್ ಮೇಲೂ ಸಿಟ್ಟಾ?’

ಇವನು ಅಲ್ಲಾಡಲಿಲ್ಲ. ಅವನು ಅಲ್ಲಾಡದಿದ್ದದ್ದನ್ನು ಕಂಡು ಒಳಗಿನವರ ನಗೆ ಒಂದೊಂದಾಗಿ ಆರಿತು. ಆಗ ಮೋಹನನಿಗೆ ತಾನು ಕೆಡಿಸಿಕೊಂಡದ್ದರ ನಡುವೆಯೇ ಒಂದು ಸಂದು ಇರುವುದು ಕಾಣಿಸಿತು. ಈ ಗುಡ್ಡದ ಪದ್ಧತಿ ಹಾಗೆ: ಅಮಾವಾಸ್ಯೆಯ ದಿನ ಪ್ರತಿಯೊಬ್ಬ ತನ್ನ ಮೆಷಿನ್ನಿನ ಮುಂದೆ ನಿಂತು ‘ಗುಡ್ಡದಮ್ಮಾ’ ಅಂತ ಒಂದೇ ಉಸಿರಿನಲ್ಲಿ ಕೂಗಬೇಕು, ಎದುರಿನ ಬಂಡೆ ಓಗೊಡಬೇಕು, ಆಮೇಲೆ ಕಾಯಿ. ಓಗೊಡದಿದ್ದರೆ ಮತ್ತೆ ಕೂಗಬೇಕು. ಒಂದು ಮೆಷಿನ್ನಿಗೆ ಪೂಜೆಯಾಗದೆ ಉಳಿದರೆ ಮುಂದಿನ ಅಮಾವಾಸ್ಯೆಯವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ, ಅದು ನಿಂತ ಗುಡ್ಡದಲ್ಲೇ ಯಾರೂ ಕಲ್ಲು ಕೊರೆಯುವುದಿಲ್ಲ. ಹಾಗೆ ಕೊರೆಯಲು ಹೋಗಿ ಬಂಡೆ ಉರುಳಿದ ಕತೆ ಎಲ್ಲರ ಮನೆಯಲ್ಲೂ ಒಂದೊಂದಿದೆ. ಇವನು ಒಳಗೆ ಕಾಲಿಡದಿದ್ದರೆ ಸಾಕು, ನಾಳೆ ಕ್ವಾರಿ ನಿಲ್ಲುತ್ತದೆ. ಯಾವುದನ್ನು ಒಲೆಗೆ ಹಾಕಿದ್ದನೋ ಅದರ ಬೂದಿಯನ್ನೇ ಹಣೆಗೆ ಹಚ್ಚಿಕೊಂಡು ಗೆಲ್ಲಬೇಕು. ಥೂ. ಒಂದು ತಿಂಗಳು ಮಾತಾಡಿದ್ದ, ಧೂಳು ಅಂದರೆ ಏನು, ಶ್ವಾಸಕೋಶ ಅಂದರೆ ಏನು ಅಂತ ಮನೆಮನೆಗೆ ಹೋಗಿ ಹೇಳಿದ್ದ, ಒಬ್ಬನೂ ನಿಲ್ಲಲಿಲ್ಲ. ಈಗ ಹೊಡೆಯದ ಒಂದು ಕಾಯಿಗೆ ಎಲ್ಲರೂ ನಿಲ್ಲುತ್ತಾರೆ. ಆದರೂ ನಿಂತೇ ನಿಂತ.

‘ಲೇ, ಬಾರ್ಲಾ’ ಅಂದ ಬಸವಲಿಂಗಯ್ಯ, ಈಗ ನಗದೆ. ‘ನಿನ್ ಜಗಳ ಸಾವ್ಕಾರನ್ ಹತ್ರ. ಅಮ್ಮನ್ ಹತ್ರ ಅಲ್ಲ. ನನ್ ಮಗೀಗೆ ಮುಂದಿನ ವಾರ ನಾಮಕರಣ ಐತೆ ಕಣ್ಲಾ. ತಿಂಗ್ಳೆಲ್ಲಾ ಕೂತ್ಕ ಅಂತೀಯಾ?’

‘ಕೂತ್ಕ. ನೀರು ಬುಡೋವರ್ಗೂ ಕೂತ್ಕ.’

‘ನಿಂಗೇನಪ್ಪ, ಹೆಂಡ್ತಿಲ್ಲ ಮಕ್ಕಳಿಲ್ಲ.’

ಗೌರೀಶ ಇವರಿಬ್ಬರ ಮುಖ ನೋಡುತ್ತಿದ್ದವನು ಏನೋ ಲೆಕ್ಕ ಹಾಕಿದಂತೆ ತಲೆಯಾಡಿಸಿದ. ‘ಆ ಮೆಷಿನ್ ಮೊದ್ಲು ಯಾರ್ದು? ಇವನ ಭಾವಂದಲ್ವಾ? ಮೊದ್ಲು ಹಿಡ್ದೋನು ಬದುಕಿದ್ರೆ ಅವ್ನೇ ಕಾಯಿ ಹೊಡೀಬೌದಲ್ವಾ ರಂಗಪ್ಪ?’ ದೊಡ್ಡರಂಗಪ್ಪ ನೆಲ ನೋಡಿದ. ಪದ್ಧತಿ ಹಾಗೆಯೇ ಇತ್ತು. ಸುಳ್ಳು ಹೇಳಬಹುದಿತ್ತು ಮುದುಕ. ಹೇಳಲಿಲ್ಲ. ‘ಹೊಡೀಬೌದು’ ಅಂದ. ಕಾರು ಊರ ಕಡೆ ತಿರುಗಿತು.

ಬರುವುದಿಲ್ಲ ಭಾವ, ಅಂದುಕೊಂಡ ಮೋಹನ. ಬರಲಾರ. ಅಂಗಳದಿಂದ ಪಡಸಾಲೆಗೆ ಹತ್ತಿದರೆ ಮಾತು ನಿಲ್ಲುವವನು ಇಲ್ಲಿಗೆ ಹೇಗೆ ಬಂದಾನು. ಆದರೆ ಭಾವನನ್ನು ಈ ಕೆಲಸದವರು ಯಾರೂ ಕರೆಯದೆ ಎಷ್ಟು ಕಾಲವಾಗಿತ್ತು. ಕೆಮ್ಮು ಅಂಟುತ್ತದೆ ಅಂತ ಯಾರೂ ಮನೆಗೆ ಬರುತ್ತಿರಲಿಲ್ಲ, ಹೊಲದ ಕಡೆಯಿಂದ ಸುತ್ತಿ ಹೋಗುತ್ತಿದ್ದರು. ಹಿಂದೊಮ್ಮೆ, ಮೋಹನ ಸ್ಕೂಲಿನ ಚೀಲ ಬಿಸಾಡಿ ಇಲ್ಲಿಗೆ ಬಂದ ಹೊಸತರಲ್ಲಿ, ಭಾವನ ಕೂಗು ಕೇಳಿದ್ದ. ಉಳಿದವರೆಲ್ಲ ಎರಡು ಮೂರು ಸಲ ಕೂಗಿದರೆ ಭಾವನದು ಒಂದೇ. ಅಂಗಿ ಬಿಚ್ಚಿ, ಎದೆ ಮುಂದೆ ಮಾಡಿ, ಕಣ್ಣು ಮುಚ್ಚಿ ಕೂಗಿದರೆ ಹಕ್ಕಿಗಳೆಲ್ಲ ಎದ್ದು ಹಾರಿ, ಬಂಡೆ ಓಗೊಟ್ಟು, ಅದರ ಹಿಂದಿನ ಬಂಡೆಯೂ ಓಗೊಡುತ್ತಿತ್ತು. ‘ಉಸ್ರು ಹೊಟ್ಟೆಯಿಂದ ತೆಗೀಬೇಕು ಕಣ್ಲಾ, ಗಂಟ್ಲಿಂದಲ್ಲ’ ಅಂತ ತನ್ನ ಅಂಗೈಯನ್ನು ಇವನ ಹೊಟ್ಟೆಯ ಮೇಲೆ ಒತ್ತಿಟ್ಟು ಕಲಿಸಿದ್ದ. ಆ ಅಂಗೈ ಎಷ್ಟು ಒರಟಾಗಿತ್ತು, ಎಷ್ಟು ಬೆಚ್ಚಗಿತ್ತು. ಅಪ್ಪ ಇಲ್ಲದ ಮನೆಯಲ್ಲಿ ಹಾಗೆ ಹೊಟ್ಟೆಯ ಮೇಲೆ ಕೈ ಇಟ್ಟವರು ಯಾರೂ ಇರಲಿಲ್ಲ.

ಕಾರು ಬಂತು. ಭಾವ ಮುಂದಿನ ಸೀಟಿನಿಂದ ಇಳಿದ. ಮದುವೆಯ ಕಾಲದ ಅಂಗಿ ಹಾಕಿಕೊಂಡಿದ್ದ, ಅದರೊಳಗೆ ಅವನು ಅರ್ಧ ಮಾತ್ರ ಇದ್ದ. ತಲೆ ನುಣ್ಣಗೆ ಬಾಚಿತ್ತು. ಗೌರೀಶ ಬಾಗಿಲು ಹಿಡಿದುಕೊಂಡು ‘ನಿಧಾನ, ಸಣ್ಣರಂಗಯ್ಯನೋರೆ’ ಅಂದ. ಆ ‘ನೋರೆ’ ಅನ್ನುವುದನ್ನು ಭಾವ ನುಂಗಿಕೊಂಡದ್ದು ಮೋಹನನಿಗೆ ಕಂಡಿತು.

‘ಭಾವ, ಹೋಗ್ಬ್ಯಾಡ’ ಅಂದ ಮೋಹನ. ‘ನಿಂಗೋಸ್ಕರಾನೇ ಇದು. ನೀರಿಗೋಸ್ಕರ.’

‘ನನ್ಗೆ ಇನ್ಯಾವ ನೀರ್ಲಾ?’ ಭಾವ ನಕ್ಕ. ಒಂದೊಂದು ಮಾತಿಗೂ ಉಸಿರು ಹುಡುಕಿಕೊಳ್ಳುತ್ತಿದ್ದ. ‘ಮೆಷಿನ್ನು... ಕೈ ತಪ್ಪೋಯ್ತದೆ ನಿನ್ಗೆ. ಬ್ಯಾರೆಯೋರ್ಗೆ ಕೊಟ್ಬುಡ್ತರೆ. ಮನೆ... ನಡೀಬೇಕಲ್ಲ.’

‘ಆ ಮೆಷಿನ್ನೇ ಕಣಯ್ಯ ನಿನ್ನ ತಿಂದಿದ್ದು!’

‘ತಿನ್ಲಿ ಬುಡು. ಅದ್ರ ಮುಂದೆ ನಿಂತೇ ಎಷ್ಟು ದಿನ ಆಯ್ತು’ ಅಂದ ಭಾವ. ಆ ಮಾತಿನಲ್ಲಿದ್ದ ಆಸೆ ಕೇಳಿ ಮೋಹನ ದಾರಿಯಿಂದ ಸರಿದ.

ಭಾವ ಗೇಟು ದಾಟಿದ. ಹಿಂದೆ ದೂರ ಸರಿಯುತ್ತಿದ್ದವರೇ ಈಗ ದಾರಿ ಬಿಟ್ಟು, ‘ಬಾರಣ್ಣ, ಬಾರಣ್ಣ’ ಅಂದರು. ಕಡಿದ ಬಂಡೆಯ ಮೆಟ್ಟಿಲುಗಳನ್ನು ಅವನು ಒಂದೊಂದಾಗಿ, ಪ್ರತಿಯೊಂದರ ಮೇಲೂ ಎರಡೂ ಪಾದ ಜೋಡಿಸಿ ನಿಂತು ನಿಂತು ಹತ್ತುವುದನ್ನು ಮೋಹನ ಗೇಟಿನ ಕಂಬಿ ಹಿಡಿದುಕೊಂಡು ನೋಡಿದ. ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಭಾವ ಅದರ ಹಿಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಗ ಮೋಹನನೊಳಗೆ ಒಂದು ದನಿ ಎದ್ದಿತು, ಸ್ಪಷ್ಟವಾಗಿ, ಪಕ್ಕದಲ್ಲಿ ನಿಂತು ಯಾರೋ ಅಂದಂತೆ: ಕೆಮ್ಮು. ಕೆಮ್ಮು ಭಾವ. ಎಲ್ಲರ ಮುಂದೆ ಬಗ್ಗಿ, ಕರುಳು ಕಿತ್ತು ಬರುವಂತೆ ಕೆಮ್ಮು, ರಕ್ತ ಬೀಳಲಿ ಕಲ್ಲಿನ ಮೇಲೆ, ನೋಡಲಿ ಈ ನನ್ನ ಮಕ್ಕಳು. ತನ್ನ ಕೈ ಮುಗಿದುಕೊಂಡಿರುವುದು ಅವನಿಗೆ ಆಮೇಲೆ ಕಂಡಿತು. ಯಾವ ದೇವರಿಗೂ ಮುಗಿಯದ ಕೈ ಭಾವನ ಎದೆ ಒಡೆಯಲಿ ಅಂತ ಮುಗಿದಿತ್ತು. ಕೈ ಬಿಡಿಸಿಕೊಂಡ. ಬಿಡಿಸಿಕೊಂಡರೂ ಆ ದನಿ ನಿಲ್ಲಲಿಲ್ಲ.

ಭಾವ ಕಣ್ಣು ಮುಚ್ಚಿದ. ಅಂಗೈಯನ್ನು ಹೊಟ್ಟೆಯ ಮೇಲೆ ಒತ್ತಿಟ್ಟುಕೊಂಡ. ತುಂಬ ಹೊತ್ತು ಏನೂ ಬರಲಿಲ್ಲ. ಒಬ್ಬ ಹೆಂಗಸು ‘ಅಯ್ಯೋ ಬ್ಯಾಡ ಬುಡ್ರಪ್ಪ’ ಅಂದಳು. ಆಮೇಲೆ ಬಂತು. ಎಲ್ಲಿತ್ತೋ, ಆ ಅರ್ಧ ಮೈಯ ಯಾವ ಮೂಲೆಯಲ್ಲಿ ಬಚ್ಚಿಟ್ಟಿದ್ದನೋ, ‘ಗುಡ್ಡದಮ್ಮಾ’ ಅನ್ನುವ ಕೂಗು ತೆಳ್ಳಗೆ ಶುರುವಾಗಿ, ತುಂಬಿಕೊಳ್ಳುತ್ತಾ, ಒಡೆಯದೆ, ನಡುಗದೆ ನೆಟ್ಟಗೆ ಹೋಯಿತು. ಎದುರಿನ ಬಂಡೆ ಓಗೊಟ್ಟಿತು. ಕಾಯಿ ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯಿತು. ಸಿಳ್ಳೆ, ಚಪ್ಪಾಳೆ. ‘ಎಲ್ಲೋಯ್ತದಣ್ಣ ಹಳೇ ಗಂಟ್ಲು!’ ಅಂತ ಬಸವಲಿಂಗಯ್ಯ ಕೂಗಿದ. ಗೌರೀಶ ಇವನ ಕಡೆ ತಿರುಗಿ, ‘ಧೂಳು ಅಂತಿದ್ಯಲ್ಲಯ್ಯ, ಎದೆ ಹೋಯ್ತು ಅಂತಿದ್ಯಲ್ಲ’ ಅನ್ನುವಂತೆ ಹುಬ್ಬು ಹಾರಿಸಿದ. ಮುಷ್ಕರ ಮುಗಿಯಿತು. ಭಾವ ಗೆದ್ದಿದ್ದ.

ಭಾವ ಒಬ್ಬನೇ ಇಳಿದು ಬಂದ. ಕಾರು ಬೇಡ ಅಂದಿದ್ದನಂತೆ. ಬಾಯಿ ಬಿಗಿದುಕೊಂಡು, ಕತ್ತಿನ ನರ ಉಬ್ಬಿಸಿಕೊಂಡು, ಆದರೂ ನಗುತ್ತಾ ಗೇಟು ದಾಟಿ, ಯಾರಿಗೂ ಕಾಣದಂತೆ ಬಂಡೆಯ ಮರೆಗೆ ಬಂದು, ಅಲ್ಲಿ ಕುಸಿದ. ಇಷ್ಟು ಹೊತ್ತು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ ಕೆಮ್ಮು ಆಗ ಬಂತು. ಸದ್ದು ಹೊರಗೆ ಹೋಗಬಾರದೆಂದು ಟವೆಲನ್ನು ಬಾಯಿಗೆ ತುರುಕಿಕೊಂಡು ಕೆಮ್ಮಿದ. ಮುಖ ನೀಲಿಯಾಯಿತು. ಮೋಹನ ಬೆನ್ನು ನೀವಿದ; ಬೆನ್ನಲ್ಲಿ ಬರೀ ಮೂಳೆ ಕೈಗೆ ಸಿಕ್ಕಿತು. ಭಾವ ಇವನ ಮಣಿಕಟ್ಟು ಹಿಡಿದುಕೊಂಡು, ‘ಯಾರ್ಗೂ... ಹೇಳ್ಬ್ಯಾಡ’ ಅಂದ. ಅವನ ಕಣ್ಣು ಇನ್ನೂ ಹೊಳೆಯುತ್ತಿದ್ದವು. ‘ನೋಡಿದ್ಯೇನ್ಲಾ? ಬಂತು.’

ಒಳಗೆ ಪ್ರಸಾದ ಹಂಚುತ್ತಿದ್ದರು. ಒಂದು ಕೂಗು ದೂರ. ಈಗ ಕರೆದರೆ, ಈಗಲೇ, ಈ ನೀಲಿ ಮುಖ ಇಳಿಯುವುದರೊಳಗೆ ಕರೆದರೆ, ನಾಳೆ ಯಾರು ಆ ಮೆಷಿನ್ನು ಮುಟ್ಟುತ್ತಾರೆ? ಭಾವನ ಬೆರಳು ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಭಾವನಿಗೆ ತಿಳಿದಿತ್ತು ಇವನು ಏನು ಯೋಚಿಸುತ್ತಿದ್ದಾನೆ ಅಂತ. ಬೇಡ ಅಂತ ತಲೆಯಾಡಿಸಿದ. ಮೋಹನ ಉಸಿರು ಎಳೆದುಕೊಂಡು, ಹೊಟ್ಟೆಯಿಂದ, ಕೂಗಿದ: ‘ಬನ್ರೋ! ಬಂದು ನೋಡ್ರೋ! ಗುಡ್ಡದಮ್ಮ ಕೊಟ್ಟ ಉಸ್ರು ನೋಡ್ಬನ್ರೋ!’

ಮಣಿಕಟ್ಟಿನಿಂದ ಭಾವನ ಕೈ ಜಾರಿತು.

ಎಲ್ಲರೂ ಬಂದರು. ಕೈಯಲ್ಲಿ ಕಾಯಿಚೂರು, ಬಾಳೆಹಣ್ಣು. ಸುತ್ತ ನಿಂತರು. ಟವೆಲಿನ ಮೇಲೆ ಕೆಂಪು ಎಲ್ಲರಿಗೂ ಕಾಣುವಂತಿತ್ತು. ಭಾವ ಅದನ್ನು ಮಡಿಚಿ ತೊಡೆಯ ಕೆಳಗಿಟ್ಟುಕೊಂಡು, ತಲೆ ಎತ್ತಿ, ‘ಏನಿಲ್ಲ ಕಣ್ರಪ್ಪ, ಕಾಯಿನೀರು... ನೆತ್ತಿಗತ್ತು’ ಅಂದ.

ಮೋಹನ ಒಬ್ಬೊಬ್ಬರ ಮುಖವನ್ನೂ ನೋಡಿದ. ಬೆಚ್ಚಿದ ಮುಖಕ್ಕಾಗಿ ಹುಡುಕಿದ. ಯಾರೂ ಬೆಚ್ಚಿರಲಿಲ್ಲ. ಬಸವಲಿಂಗಯ್ಯ ಬಗ್ಗಿ, ಮಗುವಿಗೆ ತಟ್ಟುವಂತೆ ಭಾವನ ನೆತ್ತಿ ತಟ್ಟಿ, ‘ಹಂಗೇ ಆಯ್ತದಣ್ಣ, ನಮ್ಮಪ್ಪಂಗೂ ಹಂಗೇ ಆಗದು’ ಅಂದ. ಬಸವಲಿಂಗಯ್ಯನ ಅಪ್ಪ ಸತ್ತು ವರ್ಷಗಳಾಗಿದ್ದವು. ದೊಡ್ಡರಂಗಪ್ಪ ಮುಖ ತಿರುಗಿಸಿಕೊಂಡ. ಗೊತ್ತಿತ್ತು ಇವರಿಗೆ. ಎಲ್ಲರಿಗೂ, ಮೊದಲಿನಿಂದಲೂ, ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಟವೆಲು ಹೀಗೇ ಮಡಿಚಿ ಇಟ್ಟಿತ್ತು. ತಿಂಗಳೆಲ್ಲ ಮನೆಮನೆ ತಿರುಗಿ ಅವನು ಹೇಳಿದ್ದು ಯಾರಿಗೂ ಹೊಸತಲ್ಲ; ಪಾಪ, ಹುಡುಗ ಹೇಳಲಿ ಅಂತ ಕೇಳಿಸಿಕೊಂಡಿದ್ದರು. ಅವನಿಗೆ ಎಲ್ಲರನ್ನೂ ಕಲ್ಲಿಂದ ಜಜ್ಜಬೇಕು ಅನ್ನಿಸಿತು, ಅಲ್ಲೇ ಕೂತು ಅಳಬೇಕು ಅನ್ನಿಸಿತು. ‘ಗೊತ್ತಿದ್ದೂ...’ ಅಂದ. ಅವರು ಪ್ರಸಾದ ತಿನ್ನುತ್ತಾ, ಇವನ ಕಣ್ಣು ತಪ್ಪಿಸುತ್ತಾ, ಒಬ್ಬೊಬ್ಬರೇ ಗಾಡಿಗಳ ಕಡೆ ಹೋದರು. ನಾಳೆ ಎಷ್ಟೊತ್ತಿಗೆ ಬರಬೇಕು ಅಂತ ಗೌರೀಶನನ್ನು ಯಾರೋ ಕೇಳಿದರು.

ಭಾವ ಬಂಡೆ ಹಿಡಿದು ಎದ್ದ. ಮೋಹನ ಹೆಗಲು ಕೊಡಲು ಹೋದ. ಭಾವ ಆ ಹೆಗಲನ್ನು, ಹಾದಿಗೆ ಅಡ್ಡ ಬಂದ ಕೊಂಬೆಯನ್ನು ಸರಿಸುವಂತೆ, ಸಿಟ್ಟಿಲ್ಲದೆ ಪಕ್ಕಕ್ಕೆ ಸರಿಸಿ, ಊರ ದಾರಿ ಹಿಡಿದ. ನಾಲ್ಕು ಹೆಜ್ಜೆ ನಡೆದು ನಿಂತ, ಉಸಿರು ಸಿಕ್ಕಿದ ಮೇಲೆ ಮತ್ತೆ ನಡೆದ. ಅವನು ನಿಂತಾಗಲೆಲ್ಲ ಹಿಂದೆ ಮೋಹನನೂ ನಿಂತ. ಹತ್ತಿರ ಹೋಗುವಂತಿರಲಿಲ್ಲ, ಬಿಟ್ಟು ಹೋಗುವಂತೆಯೂ ಇರಲಿಲ್ಲ. ನೆತ್ತಿಯ ಮೇಲೆ ಬಿಸಿಲು ಏರುತ್ತಿತ್ತು, ಊರು ದೂರವಿತ್ತು, ಭಾವ ಒಮ್ಮೆಯೂ ತಿರುಗಿ ನೋಡಲಿಲ್ಲ.